ಹೊಸ ಜಾಗದ ಮನೆಗೆ ಇಂಟರ್‌ನೆಟ್: ದರಪಟ್ಟಿಗಿಂತ ಮಳೆಗಾಲವನ್ನು ನೋಡಿ



ಪಾಲುಪಟ್ಟಿಯಾಗಿ ತಮ್ಮ ಹಿಸ್ಸೆಯಲ್ಲಿ ಹೊಸ ಮನೆ ಕಟ್ಟಿಕೊಂಡವರು, ಪಕ್ಕದ ತಾಲೂಕಿನಲ್ಲಿ ತೋಟ ಕೊಂಡು ಅಲ್ಲಿಯೇ ನೆಲೆಸಹೋದವರು, ವಯಸ್ಸಾಯಿತೆಂದು ಪೇಟೆಯ ಸಮೀಪಕ್ಕೆ ಬಂದವರು, ಹೀಗೆ ಸ್ಥಳ ಬದಲಿಸಿದ ಸದಸ್ಯರು ಸಂಘದ ಕಚೇರಿಗೆ ಬಂದಾಗ ಗೊಬ್ಬರದ ದರ ಕೇಳಿದಷ್ಟೇ ಸಹಜವಾಗಿ ಇನ್ನೊಂದು ಪ್ರಶ್ನೆಯನ್ನೂ ಕೇಳುತ್ತಾರೆ: "ಅಲ್ಲಿಗೆ ಯಾವ ಕಂಪನಿಯ ಇಂಟರ್‌ನೆಟ್ ಹಾಕಿಸೋಣ ಮಾರಾಯರೆ?" ಒಂದು ಹೆಸರು ಹೇಳಿ ಕಳುಹಿಸುವುದು ನಮಗೆ ಸುಲಭ. ಆದರೆ ಹಾಗೆ ಹೇಳಬಾರದೆಂಬುದು ನಮ್ಮ ಅಭಿಪ್ರಾಯ. ಅದಕ್ಕೆ ಕಾರಣವನ್ನು ಇಲ್ಲಿ ವಿವರಿಸುತ್ತೇವೆ.

ಈ ವಿಷಯದಲ್ಲಿ ನಾವೇ ಎಡವಿದ್ದೇವೆ. 2024ರ ಬೇಸಿಗೆಯಲ್ಲಿ ಹಳೆಯ ಮನೆ ಬಿಟ್ಟು ಆರು ಕಿಲೋಮೀಟರ್ ದೂರದ ಕೆಳಗಿನ ತೋಟದ ಮನೆಗೆ ಬಂದೆವು. ಮಗ, ಸೊಸೆ ಇಬ್ಬರೂ ಬೆಂಗಳೂರಿನ ಕೆಲಸವನ್ನು ಊರಿನಿಂದಲೇ ಮಾಡುತ್ತ ತೋಟವನ್ನೂ ಕಲಿಯಲು ತೊಡಗಿದ್ದರು. ಹಳೆಯ ಮನೆಯಲ್ಲಿ ಚೆನ್ನಾಗಿ ನಡೆಯುತ್ತಿದ್ದ ಕಂಪನಿಯ ಸಂಪರ್ಕವನ್ನೇ, ರಿಯಾಯಿತಿ ಸಿಗುತ್ತದೆಂದು ಒಂದು ವರ್ಷದ ಹಣ ಮುಂಗಡ ಕಟ್ಟಿ, ಹೊಸ ಮನೆಗೂ ಹಾಕಿಸಿದೆವು. ಮೇ ತಿಂಗಳಲ್ಲಿ ಯಾವ ಕುಂದೂ ಇರಲಿಲ್ಲ. ಆರಿದ್ರಾ ಮಳೆ ಹಿಡಿದ ವಾರದಲ್ಲಿ ಕೇಬಲ್ ಕಡಿದುಹೋಯಿತು. ಅದನ್ನು ಸರಿಪಡಿಸಲು ಹತ್ತೊಂಬತ್ತು ದಿನ ಹಿಡಿಯಿತು. ಪುಷ್ಯ ಮಳೆಗೆ ಮತ್ತೆ ಅದೇ ಕಥೆ. ಫೋನ್ ಮಾಡಿದಾಗಲೆಲ್ಲ "ನಾಳೆ ಜನ ಬರುತ್ತಾರೆ" ಎಂಬ ಉತ್ತರ. ಮಕ್ಕಳು ಕೆಲವು ದಿನ ಕಾರಿನಲ್ಲಿ ಗುಡ್ಡದ ನೆತ್ತಿಗೆ ಹೋಗಿ ಅಲ್ಲಿಯೇ ಕುಳಿತು ಮೀಟಿಂಗು ಮುಗಿಸಿದರು. ಆಗಸ್ಟ್ ತಿಂಗಳಲ್ಲಿ ಸಾಮಾನು ಕಟ್ಟಿಕೊಂಡು ಬೆಂಗಳೂರಿಗೆ ಹೊರಟರು. ಕಂಪನಿ ಅದೇ, ಹೆಸರು ಅದೇ. ಆದರೆ ಹಳೆಯ ಮನೆಯ ಮಾರ್ಗವನ್ನು ನೋಡಿಕೊಳ್ಳುವವರು ಬೇರೆ, ಹೊಸ ಮನೆಯ ಮಾರ್ಗವನ್ನು ನೋಡಿಕೊಳ್ಳುವವರು ಬೇರೆ ಎಂಬುದು ನಮಗೆ ತಿಳಿಯುವ ಹೊತ್ತಿಗೆ ಕಾಲ ಮಿಂಚಿತ್ತು.

ನಮ್ಮ ಮಾತಿನ ತಿರುಳೂ ಇದೇ. ಆರಿಸಬೇಕಾದುದು ಕಂಪನಿಯನ್ನಲ್ಲ, ಆ ಮಾರ್ಗದಲ್ಲಿ ಏಣಿ ಹಿಡಿದು ಬರುವ ಕೈಯನ್ನು. ಹಳ್ಳಿಗಾಡಿನಲ್ಲಿ ಬಿಎಸ್‌ಎನ್‌ಎಲ್ ಹೆಸರಿನ ಫೈಬರ್ ಸಂಪರ್ಕವನ್ನು ಕೂಡ ಅನೇಕ ಕಡೆ ಸ್ಥಳೀಯ ಪಾಲುದಾರರೇ ಎಳೆದು ನೋಡಿಕೊಳ್ಳುತ್ತಾರೆ. ಆದ್ದರಿಂದ ಒಂದು ಊರಿನಲ್ಲಿ ಹೊಗಳಿಸಿಕೊಂಡ ಕಂಪನಿ ಮುಂದಿನ ಊರಿನಲ್ಲಿ ಬೈಗುಳ ತಿನ್ನುವುದು ಆಶ್ಚರ್ಯವಲ್ಲ. ಕೊನೆಗೌಡರನ್ನು ಗೊತ್ತು ಮಾಡುವಾಗ ನಾವು ಕೂಲಿಯನ್ನಷ್ಟೇ ಕೇಳುತ್ತೇವೆಯೆ? ಹೇಳಿದ ದಿನ ಬರುತ್ತಾರೆಯೆ ಎಂದು ನಾಲ್ಕು ಮನೆಯಲ್ಲಿ ವಿಚಾರಿಸುತ್ತೇವೆ. ಇಲ್ಲಿಯೂ ಅದೇ ವಿವೇಕ ಬೇಕು.

ಹಿರಿಯ ಸದಸ್ಯರಿಗೆ ಕಾಫಿ ಪೂಲ್ ನೆನಪಿರುತ್ತದೆ. ಕೊಳ್ಳುವವರು ಒಬ್ಬರೇ ಇದ್ದಾಗ ಆಯ್ಕೆಯ ಚಿಂತೆ ಇರಲಿಲ್ಲ. 1996ರಲ್ಲಿ ಮಾರಾಟ ಪೂರ್ತಿ ಮುಕ್ತವಾದ ಮೇಲೆ, ಹೆಚ್ಚು ದರ ಕೂಗಿದವನಿಗೇ ಕೊಡುವುದು ಜಾಣತನವಲ್ಲ, ತೂಕ, ತೇವಾಂಶ, ಹಣ ಕೊಡುವ ದಿನ ಎಲ್ಲವನ್ನೂ ನೋಡಬೇಕೆಂದು ಪೆಟ್ಟು ತಿಂದು ಕಲಿತೆವು. ಟೆಲಿಫೋನಿಗೂ ಒಂದು ಕಾಲದಲ್ಲಿ ಒಂದೇ ಇಲಾಖೆ ಇತ್ತು. ಈಗ ಬಾಗಿಲಿಗೆ ನಾಲ್ಕು ಕಂಪನಿ ಬರುತ್ತವೆ. ಅಲ್ಲಿ ಕಲಿತ ಪಾಠವನ್ನು ಇಲ್ಲಿಯೂ ಬಳಸೋಣ.

ಇನ್ನು ವ್ಯವಸ್ಥೆಯ ಸ್ವರೂಪ. ನಮ್ಮ ಭಾಗದ ಮನೆಗಳಿಗೆ ಮುಖ್ಯವಾಗಿ ಎರಡು ದಾರಿಗಳಿವೆ. ಮೊದಲನೆಯದು ಫೈಬರ್, ಅಂದರೆ ಗಾಜಿನ ಎಳೆಯಲ್ಲಿ ಬೆಳಕಿನ ಮೂಲಕ ಬರುವ ಸಂಪರ್ಕ. ಇದಕ್ಕೆ ಗುಡ್ಡ ಅಡ್ಡಬರುವುದಿಲ್ಲ. ಆದರೆ ಕಂಬದಿಂದ ಕಂಬಕ್ಕೆ, ಮರದಿಂದ ಮರಕ್ಕೆ ಎಳೆದ ಕೇಬಲ್ಲಿಗೆ ಬೀಳುವ ಕೊಂಬೆ, ಜೋತಾಡುವ ಮಂಗ, ರಸ್ತೆ ಅಗೆಯುವ ಜೆಸಿಬಿ, ನಮ್ಮದೇ ಮರಗಸಿ, ಎಲ್ಲವೂ ಶತ್ರುಗಳೇ. ಪ್ರತಿಯೊಂದು ಬೆಸುಗೆಯಲ್ಲೂ ಬೆಳಕು ಸ್ವಲ್ಪ ಸೋರುತ್ತದೆ. ಆದುದರಿಂದ ಸಂಪರ್ಕ ಕೊಡುವ ದಿನವೇ ಮನೆಯೊಳಗಿನ ಪೆಟ್ಟಿಗೆಗೆ ಬರುವ ಬೆಳಕಿನ ಅಳತೆಯನ್ನು ತೋರಿಸುವಂತೆ ಕೇಳಿ ಬರೆದಿಟ್ಟುಕೊಳ್ಳಿ. ಅದನ್ನು ಡಿಬಿಎಂ ಎಂಬ ಮಾನದಲ್ಲಿ ಹೇಳುತ್ತಾರೆ. ಸಾಮಾನ್ಯ ಪೆಟ್ಟಿಗೆಗಳಲ್ಲಿ ಅದು -8 ಮತ್ತು -27ರ ನಡುವೆ ಇರಬೇಕು. ಬೇಸಿಗೆಯಲ್ಲಿಯೇ -26 ಇದ್ದರೆ ಮಳೆಗಾಲದಲ್ಲಿ ಅದು ನಿಲ್ಲುವುದು ಕಷ್ಟ. ಪೆಟ್ಟಿಗೆಯ ಮೇಲೆ ಎಲ್‌ಓಎಸ್ ಎಂಬಲ್ಲಿ ಕೆಂಪು ದೀಪ ಹತ್ತಿದರೆ ಬೆಳಕು ಬರುತ್ತಿಲ್ಲವೆಂದು ಅರ್ಥ. ದೂರು ಕೊಡುವಾಗ ಅದನ್ನೇ ಹೇಳಿ.

ಎರಡನೆಯದು 2023ರಿಂದ ಏರ್‌ಫೈಬರ್ ಎಂಬ ಹೆಸರಿನಲ್ಲಿ ಬಂದ, ಟವರಿನಿಂದ ಮಾಡಿನ ಮೇಲಿನ ಪೆಟ್ಟಿಗೆಗೆ ಗಾಳಿಯಲ್ಲಿ ಬರುವ ಸಂಪರ್ಕ. ಕಡಿಯುವ ಕೇಬಲ್ ಇಲ್ಲದಿರುವುದು ಇದರ ಗುಣ. ಟವರಿಗೂ ಮನೆಗೂ ನಡುವೆ ಗುಡ್ಡ ಅಥವಾ ದಟ್ಟ ಮರಗಳಿದ್ದರೆ ಬಲ ಕುಂದುವುದು ಇದರ ದೋಷ. ಹಣ ಕಟ್ಟುವ ಮೊದಲು ಅದೇ ಕಂಪನಿಯ ಸಿಮ್ ಇರುವ ಫೋನನ್ನು ಹೊಸ ಮನೆಯ ಮಾಡಿನ ಬಳಿ ಹಿಡಿದು ನೋಡಿ. ಬೆಳಿಗ್ಗೆ ಹತ್ತಕ್ಕೆ ನೋಡಿದರೆ ಸಾಲದು, ಎಲ್ಲರೂ ಬಳಸುವ ರಾತ್ರಿ ಎಂಟರ ಹೊತ್ತಿಗೂ ನೋಡಬೇಕು. ಉಪಗ್ರಹದ ಮೂಲಕ ಬರುವುದಕ್ಕೆ ತೆರೆದ ಆಕಾಶ ಬೇಕು. ಸಿಲ್ವರ್ ಓಕ್ ಮತ್ತು ನೆರಳು ಮರಗಳ ನಡುವಿನ ಮನೆಗೆ ಅದೇ ತೊಡಕು.

ಎರಡು ದಾರಿಗೂ ಸಮಾನವಾದ ಪ್ರಶ್ನೆ ಕರೆಂಟಿನದು. ಮನೆಯ ಪೆಟ್ಟಿಗೆಗೆ ಚಿಕ್ಕ ಯುಪಿಎಸ್ ಸಾಕು. ಆದರೆ ಆ ಕಡೆಯ ಯಂತ್ರಕ್ಕೆ ಅಥವಾ ಟವರಿಗೆ, ಎರಡು ದಿನ ಕರೆಂಟು ಹೋದಾಗ ಬ್ಯಾಟರಿ ಇದೆಯೆ, ಜನರೇಟರ್ ಇದೆಯೆ? ಇದನ್ನು ಕಂಪನಿಯ ಏಜೆಂಟರನ್ನು ಕೇಳಬೇಡಿ, ನೆರೆಮನೆಯವರನ್ನು ಕೇಳಿ. ಕೇಳುವ ಬಗೆಯೂ ಮುಖ್ಯ. "ಚೆನ್ನಾಗಿದೆಯೆ?" ಎಂದರೆ "ಪರವಾಗಿಲ್ಲ" ಎನ್ನುತ್ತಾರೆ. "ಕಳೆದ ಆಷಾಢದಲ್ಲಿ ಎಷ್ಟು ದಿನ ನಿಂತಿತ್ತು? ಸರಿಮಾಡಲು ಯಾರು ಬಂದರು? ಅವರ ಮನೆ ಎಲ್ಲಿ?" ಎಂದು ಕೇಳಿದರೆ ಸರಿಯಾದ ಉತ್ತರ ದೊರೆಯುತ್ತದೆ.

ವೇಗದ ಮೋಹವನ್ನು ಸ್ವಲ್ಪ ಬದಿಗಿಡಬೇಕು. 2023ರಲ್ಲಿ ಕೇಂದ್ರ ಸರ್ಕಾರ ಬ್ರಾಡ್‌ಬ್ಯಾಂಡ್ ಎನಿಸಿಕೊಳ್ಳಲು ಕನಿಷ್ಠ 2 ಎಂಬಿಪಿಎಸ್ ವೇಗ ಇರಬೇಕೆಂದು ನಿಗದಿ ಮಾಡಿತು. ಇಬ್ಬರು ಮೀಟಿಂಗಿನಲ್ಲಿದ್ದು, ಮಕ್ಕಳು ಪಾಠ ಕೇಳಿ, ನಾವು ಕಾಳುಮೆಣಸಿನ ದರ ನೋಡಲು 30 ಎಂಬಿಪಿಎಸ್ ಧಾರಾಳ. ಆಗಾಗ ನಿಲ್ಲುವ 300ಕ್ಕಿಂತ ನಿಲ್ಲದ 30 ಮೇಲು. ಜಾಹೀರಾತಿನ ದರಕ್ಕೆ ಶೇಕಡಾ 18 ಜಿಎಸ್‌ಟಿ ಸೇರುತ್ತದೆಯೆ, ಪೆಟ್ಟಿಗೆ ನಮ್ಮದೋ ಅವರದೋ, ಇಷ್ಟು ಬಳಸಿದ ಮೇಲೆ ವೇಗ ಇಳಿಯುತ್ತದೆಯೆ ಎಂಬುದನ್ನೂ ಕೇಳಿಕೊಳ್ಳಿ. ಒಂದು ಮಳೆಗಾಲ ಕಳೆಯುವ ತನಕ ವರ್ಷದ ಹಣವನ್ನು ಖಂಡಿತ ಕಟ್ಟಬೇಡಿ. ಮೊಬೈಲಿನಲ್ಲಿ 2011ರಿಂದ ನಂಬರ್ ಉಳಿಸಿಕೊಂಡು ಕಂಪನಿ ಬದಲಿಸಬಹುದು. ಮನೆಯ ತಂತಿ ಸಂಪರ್ಕಕ್ಕೆ ಆ ಅನುಕೂಲ ಇಲ್ಲ. ನಮ್ಮ ಕೈಯಲ್ಲಿರುವ ಹಿಡಿತವೆಂದರೆ ಮುಂದಿನ ತಿಂಗಳ ಹಣ ಮಾತ್ರ.

ಸೇವೆ ಕೆಟ್ಟಾಗ ಬೈದು ಸುಮ್ಮನಾಗುವುದು ನಮ್ಮ ಅಭ್ಯಾಸ. ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವಾದ ಟ್ರಾಯ್‌ನ 2012ರ ನಿಯಮಗಳಂತೆ ಪ್ರತಿ ದೂರಿಗೂ ಒಂದು ನಂಬರ್ ಕೊಡಬೇಕು. ಪರಿಹಾರ ತೃಪ್ತಿಕರವಾಗದಿದ್ದರೆ 30 ದಿನಗಳೊಳಗೆ ಅದೇ ಕಂಪನಿಯ ಮೇಲ್ಮನವಿ ಪ್ರಾಧಿಕಾರಕ್ಕೆ ಶುಲ್ಕವಿಲ್ಲದೆ ಬರೆಯಬಹುದು. ಅದೂ ಆಗದಿದ್ದರೆ ಜಿಲ್ಲಾ ಗ್ರಾಹಕರ ಆಯೋಗವಿದೆ. ದೂರಸಂಪರ್ಕದ ದೂರುಗಳನ್ನು ಗ್ರಾಹಕರ ಆಯೋಗ ಕೇಳಬಹುದೆಂದು 2022ರಲ್ಲಿ ಸುಪ್ರೀಂ ಕೋರ್ಟ್ ತೀರ್ಪಿತ್ತಿದೆ. ನಾವು ಹತ್ತೊಂಬತ್ತು ದಿನವೂ ಫೋನಿನಲ್ಲಿ ಕೂಗಾಡಿದೆವೇ ಹೊರತು ಒಂದು ದೂರಿನ ನಂಬರನ್ನೂ ಬರೆದುಕೊಳ್ಳಲಿಲ್ಲ. ಸಂಘದ ಲೆಕ್ಕಪತ್ರ ನೋಡುವವರೇ ಹೀಗೆ ಮಾಡಿದ್ದಕ್ಕೆ ನಾಚಿಕೆಯಾಗುತ್ತದೆ.

"ನಾಲ್ಕು ಮೈಲಿಗೆ ಇರುವುದೇ ಒಂದು ಕಂಪನಿ, ಆರಿಸುವುದೇನು ಬಂತು?" ಎಂದು ಕೆಲವರು ಕೇಳುತ್ತಾರೆ. ನ್ಯಾಯವಾದ ಮಾತು. ಅದಕ್ಕೆ ಉತ್ತರ ಸಹಕಾರ. ಒಂದೇ ಮನೆಗೆಂದು ಎರಡು ಕಿಲೋಮೀಟರ್ ಕೇಬಲ್ ಎಳೆಯಲು ಯಾರೂ ಬರುವುದಿಲ್ಲ. ಒಂದು ಮಾರ್ಗದ ಹನ್ನೆರಡು ಮನೆಯವರು ಒಟ್ಟಾಗಿ ಕೇಳಿದರೆ ಲೆಕ್ಕಾಚಾರವೇ ಬೇರೆಯಾಗುತ್ತದೆ. ಕೇಬಲ್ ಹೋಗುವ ದಾರಿಯ ಕೊಂಬೆಗಳನ್ನು ಮಳೆಗೆ ಮುಂಚೆ ತೆಗೆಸಿಕೊಡುವುದಾಗಿಯೂ, ಮರಗಸಿಯ ದಿನ ಮೊದಲೇ ತಿಳಿಸುವುದಾಗಿಯೂ ನಾವು ಒಪ್ಪಿಕೊಂಡರೆ, ಇಂತಿಷ್ಟು ದಿನದೊಳಗೆ ದುರಸ್ತಿ ಮಾಡಬೇಕೆಂದು ಅವರಿಂದಲೂ ಬರೆಸಿಕೊಳ್ಳಬಹುದು.

ಈ ಉದ್ದೇಶಕ್ಕಾಗಿ ಸಂಘದ ಕಚೇರಿಯಲ್ಲಿ ಒಂದು ಪುಸ್ತಕ ಇಟ್ಟಿದ್ದೇವೆ. ಮಾರ್ಗದ ಹೆಸರು, ಸಂಪರ್ಕದ ಬಗೆ, ಕಳೆದ ಮಳೆಗಾಲದಲ್ಲಿ ನಿಂತ ದಿನಗಳು, ದುರಸ್ತಿಗೆ ಹಿಡಿದ ದಿನಗಳು, ಇಷ್ಟನ್ನು ಸದಸ್ಯರು ಬರೆಯಬೇಕು. ಹೊಸ ಜಾಗಕ್ಕೆ ಹೋಗುವವರು ಮೊದಲು ಅದನ್ನು ತೆರೆದು ನೋಡಲಿ. ಮೊದಲ ಸಾಲಿನಲ್ಲಿ ನಮ್ಮ ಮನೆಯ ಹತ್ತೊಂಬತ್ತು ದಿನಗಳನ್ನು ಬರೆದಿದ್ದೇವೆ. ಸಂಪರ್ಕ ಬದಲಿಸಿಯಾಗಿದೆ, ಈಗ ಸರಿಯಾಗಿ ನಡೆಯುತ್ತಿದೆ. ಮಕ್ಕಳು ಹಬ್ಬಕ್ಕೆ ಬಂದು ಹೋಗುತ್ತಾರೆ. ತೋಟಕ್ಕೆ ಮರಳಲು ಮನಸ್ಸು ಮಾಡಿದ ಬೇರೆ ಮನೆಯ ಮಕ್ಕಳು ಇಂಥ ಕಾರಣಕ್ಕೆ ಹಿಂದಿರುಗುವಂತಾಗಬಾರದು.

ತಮ್ಮ ವಿಶ್ವಾಸಿ,
ಕಾರ್ಯದರ್ಶಿ