ಕಂಬಿ ಕಟ್ಟುವ ಕೈಗಳಿಗೆ ಕೆಲಸ ಉಳಿದೀತೇ?

ಕೃತಕ ಬುದ್ಧಿಮತ್ತೆ ಬಂದು ಕೋಡಿಂಗ್ ಕೆಲಸ ಕಸಿಯುತ್ತದೆ ಎಂಬ ಆತಂಕ ಎಂಜಿನಿಯರಿಂಗ್ ಕಾಲೇಜುಗಳ ಹಾಸ್ಟೆಲ್‌ಗಳಲ್ಲಿ ಈಗ ದಿನನಿತ್ಯದ ಮಾತು. ಪ್ಲೇಸ್‌ಮೆಂಟ್ ಹತ್ತಿರವಾದಂತೆ ಅದು ಇನ್ನಷ್ಟು ಜೋರಾಗುತ್ತದೆ. ಆದರೆ ನಾವು ಕುಳಿತು ಹರಟುವ ಕಟ್ಟಡದ ಪಿಲ್ಲರ್‌ಗಳಿಗೆ ಕಂಬಿ ಕಟ್ಟಿದವರ ಕೆಲಸಕ್ಕೂ ಯಂತ್ರ ಬಂದಿದೆ ಎಂಬುದನ್ನು ಯಾರೂ ಮಾತಾಡುವುದಿಲ್ಲ. ಸಿವಿಲ್ ವಿಭಾಗದಲ್ಲಿ ಬಿ.ಇ. ಓದುತ್ತಿರುವ ನನಗೆ ಇದು ಮುಖ್ಯ ಪ್ರಶ್ನೆ ಅನಿಸುತ್ತದೆ. ಏಕೆಂದರೆ ನಾಳೆ ಸೈಟಿಗೆ ಯಂತ್ರ ತರಿಸಬೇಕೇ, ಆಳುಗಳನ್ನು ಕರೆಸಬೇಕೇ ಎಂದು ಲೆಕ್ಕ ಹಾಕುವವರು ನಾವೇ.

ಮೊದಲು ಕೆಲಸ ಎಂಥದೆಂದು ನೋಡೋಣ. ಕಂಬಿ ಕೆಲಸದಲ್ಲಿ ನಾಲ್ಕು ಹಂತಗಳಿವೆ. 12 ಮೀಟರ್ ಉದ್ದದ ಕಂಬಿಗಳನ್ನು ಡ್ರಾಯಿಂಗ್ ಪ್ರಕಾರ ಕತ್ತರಿಸುವುದು, ಬಾಗಿಸುವುದು, ಹೊತ್ತೊಯ್ದು ಜೋಡಿಸುವುದು, ಕೊನೆಗೆ ತೆಳು ತಂತಿಯಿಂದ ಬಿಗಿಯುವುದು. 10 ಮೀಟರ್ ಉದ್ದ, 10 ಮೀಟರ್ ಅಗಲದ ಸ್ಲ್ಯಾಬ್‌ಗೆ 12 ಮಿ.ಮೀ. ಕಂಬಿಯನ್ನು ಎರಡೂ ದಿಕ್ಕಿಗೆ 15 ಸೆಂ.ಮೀ. ಅಂತರದಲ್ಲಿ ಹಾಸಿದರೆ ಸುಮಾರು 1.2 ಟನ್ ಉಕ್ಕು ಬೇಕು. ಕಂಬಿಗಳು ಒಂದನ್ನೊಂದು ದಾಟುವ ಜಾಗಗಳು ಸುಮಾರು 4,500. ಒಂದು ಬಿಟ್ಟು ಒಂದು ಕಟ್ಟಿದರೂ ಎರಡು ಸಾವಿರಕ್ಕೂ ಹೆಚ್ಚು ಗಂಟು ಹಾಕಬೇಕು. ಅದೂ ಬಿಸಿಲಿಗೆ ಕಾದ ಕಂಬಿಯ ಮೇಲೆ, ಸೊಂಟ ಬಗ್ಗಿಸಿ, ಕೈಯಲ್ಲೊಂದು ಹುಕ್ ಹಿಡಿದು. ಇದರಲ್ಲಿ ಒಂದಿಷ್ಟು ಯಂತ್ರದ ಪಾಲಾದರೆ ಬೇಡ ಎನ್ನಲು ಮನಸ್ಸು ಬಾರದು.

ಮೊದಲ ಎರಡು ಹಂತಗಳಿಗೆ ಯಂತ್ರ ಬಂದು ಬಹಳ ಕಾಲವಾಯಿತು. ದೊಡ್ಡ ಯೋಜನೆಗಳಿಗೆ ಕಂಬಿ ಈಗ ಕಾರ್ಖಾನೆಯಲ್ಲೇ ಅಳತೆಗೆ ಕತ್ತರಿಸಿ, ಬಾಗಿಸಿ, ಚೀಟಿ ಕಟ್ಟಿಸಿಕೊಂಡು ಲಾರಿಯಲ್ಲಿ ಬಂದಿಳಿಯುತ್ತದೆ. ತುಂಡುಗಳು ಪೋಲಾಗುವುದೂ ಕಡಿಮೆ. ನಾಲ್ಕನೆಯ ಹಂತಕ್ಕೆ ಬ್ಯಾಟರಿಯಿಂದ ನಡೆಯುವ ಕೈಯಂತ್ರವಿದೆ. ಗುಂಡಿ ಒತ್ತಿದರೆ ಸೆಕೆಂಡಿನೊಳಗೆ ತಂತಿ ಸುತ್ತಿ ಬಿಗಿಯುತ್ತದೆ. ಅಮೆರಿಕದ ಸೇತುವೆ ಕಾಮಗಾರಿಗಳಲ್ಲಿ ‘ಟೈಬಾಟ್’ ಎಂಬ ರೋಬಾಟ್ ಹಳಿಯ ಮೇಲೆ ಚಲಿಸುತ್ತಾ, ಕ್ಯಾಮೆರಾದಿಂದ ಕಂಬಿ ಕೂಡುವ ಜಾಗ ಗುರುತಿಸಿ ತಾನೇ ಗಂಟು ಹಾಕುತ್ತದೆ.

ಹಾಗಾದರೆ ಕೆಲಸ ಮುಗಿಯಿತೇ? ಇಲ್ಲ. ಟೈಬಾಟ್‌ಗೆ ವಿಶಾಲವಾದ, ಸಮತಟ್ಟಾದ ಜಾಗ ಬೇಕು. ಅದು ಗಂಟು ಹಾಕುವ ಮೊದಲು ಯಾರಾದರೂ ಕಂಬಿ ಹಾಸಿರಬೇಕು. ಬೀಮು ಮತ್ತು ಪಿಲ್ಲರ್ ಕೂಡುವ ಕಡೆ ಕಂಬಿಗಳ ಇಕ್ಕಟ್ಟಿನಲ್ಲಿ ರಿಂಗ್ ತೂರಿಸುವುದು, ಮೂವತ್ತು–ನಲವತ್ತು ಅಡಿಯ ನಿವೇಶನದಲ್ಲಿ ಮೆಟ್ಟಿಲಿಗೆ ಕಂಬಿ ಕೂರಿಸುವುದು ಇಂದಿಗೂ ಕೈಯ ಕೆಲಸವೇ. ವೆಲ್ಡಿಂಗ್ ಕಥೆಯೂ ಹೀಗೆಯೇ. ಮೊದಲ ಕೈಗಾರಿಕಾ ರೋಬಾಟ್ ‘ಯುನಿಮೇಟ್’ ಅಮೆರಿಕದ ಜನರಲ್ ಮೋಟರ್ಸ್ ಕಾರ್ಖಾನೆ ಸೇರಿದ್ದು 1961ರಲ್ಲಿ. ಕಾರಿನ ಕವಚವನ್ನು ಬೆಸೆಯುವುದು ಇಂದು ಬಹುಮಟ್ಟಿಗೆ ರೋಬಾಟ್ ಕೆಲಸ. ಆದರೂ ನಮ್ಮೂರಿನ ಗೇಟು, ಗ್ರಿಲ್ಲು, ಟ್ರ್ಯಾಕ್ಟರ್ ಟ್ರೇಲರ್‌ಗಳಿಗೆ ವೆಲ್ಡರ್‌ನನ್ನೇ ಹುಡುಕಿಕೊಂಡು ಹೋಗಬೇಕು. ಒಂದೇ ಬಗೆಯದನ್ನು ಸಾವಿರ ಸಲ ಮಾಡುವಲ್ಲಿ ಯಂತ್ರ ಗೆಲ್ಲುತ್ತದೆ. ಪ್ರತಿ ಸಲ ಬೇರೆಯಾಗುವಲ್ಲಿ ತಡವರಿಸುತ್ತದೆ.

ನನ್ನ ಆತಂಕ ಬೇರೆ ಕಡೆ ಇದೆ. ನಮ್ಮಲ್ಲಿ ಕಂಬಿ ಕೆಲಸವನ್ನು ಹೆಚ್ಚಾಗಿ ಟನ್ ಲೆಕ್ಕದಲ್ಲಿ ಗುತ್ತಿಗೆ ಕೊಡುತ್ತಾರೆ. ಕತ್ತರಿಸಿ ಬಾಗಿಸಿದ ಕಂಬಿ ಸಿದ್ಧವಾಗಿ ಬಂದರೆ ಟನ್ನಿನ ದರ ಇಳಿಯುತ್ತದೆ. ಉಳಿತಾಯ ಗುತ್ತಿಗೆದಾರನಿಗೋ ಮಾಲೀಕನಿಗೋ ಹೋಗುತ್ತದೆ, ಹೊತ್ತು ಜೋಡಿಸುವ ಕಷ್ಟ ಮಾತ್ರ ಕಾರ್ಮಿಕನಿಗೆ ಉಳಿಯುತ್ತದೆ. ಇನ್ನೊಂದು ನಷ್ಟ ಕಣ್ಣಿಗೆ ಬೀಳದ್ದು. ಊರಿನಿಂದ ಬಂದ ಹುಡುಗ ಮೊದಲು ಹೆಲ್ಪರ್ ಆಗಿ ರಿಂಗ್ ಬಾಗಿಸುತ್ತಾ ಅಳತೆ ಕಲಿಯುತ್ತಾನೆ, ಡ್ರಾಯಿಂಗ್ ಓದಲು ಕಲಿತು ಮೇಸ್ತ್ರಿಯಾಗುತ್ತಾನೆ. ರಿಂಗ್ ಬಾಗಿಸುವ ಕೆಲಸವೇ ಸೈಟಿನಿಂದ ಹೋದರೆ ಆ ಏಣಿಯ ಕೆಳಗಿನ ಮೆಟ್ಟಿಲೇ ಮುರಿದಂತೆ. ಹಾಗಾದರೆ ನಾಳಿನ ಮೇಸ್ತ್ರಿ ಎಲ್ಲಿಂದ ಬರಬೇಕು? ಹೊಸ ಎಂಜಿನಿಯರ್‌ಗಳು ಕೂಡ ಸೈಟಿನ ಮೊದಲ ಪಾಠ ಕಲಿಯುವುದು ಅಂಥ ಮೇಸ್ತ್ರಿಗಳಿಂದಲೇ.

ಕಬ್ಬಿಣದ ಕೆಲಸ ಹೋಗಲು ಯಂತ್ರವೇ ಕಾರಣವಾಗಬೇಕಿಲ್ಲ ಎಂಬುದಕ್ಕೆ ಭದ್ರಾವತಿಯೇ ಸಾಕ್ಷಿ. 1923ರಲ್ಲಿ ಉತ್ಪಾದನೆ ಆರಂಭಿಸಿದ, ವಿಶ್ವೇಶ್ವರಯ್ಯನವರು ಕಟ್ಟಿ ಬೆಳೆಸಿದ ಕಾರ್ಖಾನೆಯನ್ನು ಮುಚ್ಚುವ ನಿರ್ಧಾರ ಹೊರಬಿದ್ದದ್ದು 2023ರಲ್ಲಿ, ಸರಿಯಾಗಿ ನೂರು ವರ್ಷಕ್ಕೆ. ಅಲ್ಲಿ ಕಾರ್ಮಿಕರ ಜಾಗಕ್ಕೆ ರೋಬಾಟ್ ಬಂದಿರಲಿಲ್ಲ. ಸ್ವಂತ ಅದಿರು ಗಣಿ ಇರಲಿಲ್ಲ, ಕಾಲಕ್ಕೆ ತಕ್ಕ ಬಂಡವಾಳ ಬರಲಿಲ್ಲ. ಅದೇ ರಾಜ್ಯದ ತೋರಣಗಲ್ಲಿನಲ್ಲಿ ಹೊಸ ತಂತ್ರಜ್ಞಾನದ ಉಕ್ಕಿನ ಕಾರ್ಖಾನೆ ಬೆಳೆಯುತ್ತಲೇ ಇದೆ. ಯಂತ್ರ ತಂದ ಕಡೆ ಎಲ್ಲರಿಗೂ ಕೆಲಸ ಸಿಗುತ್ತದೆ ಎಂದು ನಾನು ಹೇಳುತ್ತಿಲ್ಲ. ಆದರೆ ಯಂತ್ರ ತಾರದೆ ಕೂತರೆ ಕೆಲಸ ಉಳಿಯುತ್ತದೆ ಎಂಬುದೂ ಭ್ರಮೆ. 2017ರ ರಾಷ್ಟ್ರೀಯ ಉಕ್ಕು ನೀತಿ 2030–31ರ ವೇಳೆಗೆ 30 ಕೋಟಿ ಟನ್ ಉತ್ಪಾದನಾ ಸಾಮರ್ಥ್ಯದ ಗುರಿ ಇಟ್ಟುಕೊಂಡಿದೆ. ಅಷ್ಟು ಉಕ್ಕು ಬಳಕೆಗೆ ಬರಬೇಕಾದರೆ ಅದನ್ನು ಕಟ್ಟುವ, ಬೆಸೆಯುವ ಜನವೂ ಬೇಕು.

ಹಾಗಾದರೆ ಆಗಬೇಕಾದ್ದೇನು? ಟಾಟಾ ಟೆಕ್ನಾಲಜೀಸ್ ಜೊತೆ ಸೇರಿ ರಾಜ್ಯ ಸರ್ಕಾರ 150 ಸರ್ಕಾರಿ ಐಟಿಐಗಳನ್ನು ಮೇಲ್ದರ್ಜೆಗೆ ಏರಿಸಿದೆ. ಅದು ಒಳ್ಳೆಯ ಹೆಜ್ಜೆ. ಆದರೆ ಸೈಟಿನಲ್ಲಿ ಹತ್ತು ವರ್ಷ ದುಡಿದ ಕಂಬಿ ಕಾರ್ಮಿಕ ಸಂಬಳ ಬಿಟ್ಟು ತರಗತಿಗೆ ಬರಲಾರ. ಅಮೆರಿಕದಲ್ಲಿ ಕಬ್ಬಿಣ ಕಾರ್ಮಿಕರ ಸಂಘಗಳು ಮೂರು–ನಾಲ್ಕು ವರ್ಷ ಕೂಲಿ ಕೊಡಿಸುತ್ತಲೇ ಕೆಲಸ ಕಲಿಸುತ್ತವೆ. ಅಂಥದ್ದು ಇಲ್ಲೂ ಬೇಕು. ಅದಕ್ಕೆ ದಾರಿ ಇಲ್ಲದಿಲ್ಲ. 1996ರ ಕಾಯ್ದೆಗಳ ಕಾಲದಿಂದಲೂ ಕಟ್ಟಡ ಕಾರ್ಮಿಕರ ಕಲ್ಯಾಣಕ್ಕೆಂದು ನಿರ್ಮಾಣ ವೆಚ್ಚದ ಶೇ 1ರಷ್ಟು ಸೆಸ್ ಸಂಗ್ರಹವಾಗುತ್ತಿದೆ. ಅದರ ಒಂದು ಪಾಲನ್ನು ಸೈಟಿನಲ್ಲೇ ತರಬೇತಿ ಕೊಡಲು, ತರಬೇತಿಯ ದಿನಗಳ ಕೂಲಿ ತುಂಬಿಕೊಡಲು, ಕಲಿತವರಿಗೆ ಪ್ರಮಾಣಪತ್ರ ನೀಡಲು ಬಳಸಬೇಕು.

ಕೆಲಸ ಹುಡುಕುತ್ತಿರುವ ಗೆಳೆಯರಿಗೂ ಒಂದು ಮಾತು. ಐಟಿಐ ವೆಲ್ಡರ್ ಕೋರ್ಸ್ ಒಂದೇ ವರ್ಷದ್ದು. ಅದರ ಜೊತೆ ರೋಬಾಟ್‌ಗೆ ಚಲನೆ ಕಲಿಸುವುದು, ಬೆಸುಗೆಯ ಗುಣಮಟ್ಟ ಪರೀಕ್ಷಿಸುವುದು ಗೊತ್ತಿದ್ದವರಿಗೆ ಬೆಲೆ ಹೆಚ್ಚು. ಕಂಬಿ ಕೆಲಸದಲ್ಲಿರುವವರು ಡ್ರಾಯಿಂಗ್ ಓದುವುದನ್ನು, ಕಂಬಿಯ ಪಟ್ಟಿ ತಯಾರಿಸುವುದನ್ನು ಕಲಿತರೆ ಕಾರ್ಖಾನೆಯಲ್ಲೂ ಬೇಕಾದವರಾಗುತ್ತಾರೆ. ಇನ್ನು ನಾವು ಬಿ.ಇ. ಓದುವವರು ಕಂಬಿಯ ತೂಕಕ್ಕೆ ‘ವ್ಯಾಸದ ವರ್ಗ ಭಾಗಿಸು 162’ ಎಂಬ ಸೂತ್ರ ಬಾಯಿಪಾಠ ಮಾಡಿ ಪಾಸಾಗುತ್ತೇವೆ. ಆ ತೂಕ ಹೆಗಲ ಮೇಲೆ ಕೂತಾಗ ಹೇಗಿರುತ್ತದೆಂದು ಒಂದು ದಿನವಾದರೂ ತಿಳಿಯಬೇಕು. ಯಂತ್ರ ಬೇಕೋ ಬೇಡವೋ ಎಂದು ಕಾಗದದ ಮೇಲೆ ಲೆಕ್ಕ ಹಾಕುವಾಗ, ಟನ್ನಿನ ದರದ ಪಕ್ಕದಲ್ಲಿ ದುಡಿಯುವವನ ದಿನಗೂಲಿಯನ್ನೂ ಬರೆದುಕೊಳ್ಳುವ ಅಭ್ಯಾಸ ಆಗ ಬಂದೀತು.