ಗೃಹಾರೋಗ್ಯ: ಹೆಜ್ಜೆಗೊಂದು ಲೆಕ್ಕ

ಶರೀರಕ್ಕೆ ಶ್ರಮ ಬೇಕೆಂಬ ಮಾತನ್ನು ಯಾರೂ ಅಲ್ಲಗಳೆಯುವುದಿಲ್ಲ. ಆದರೆ ಅದೇ ಶ್ರಮವನ್ನು ದಿನಂಪ್ರತಿ ಒಂದೇ ಬಗೆಯಲ್ಲಿ ಮಾಡುತ್ತ ಹೋದರೆ ಮನಸ್ಸಿಗೆ ಬೇಸರ ಬರುತ್ತದೆ. ಬೇಸರ ಬಂದ ವ್ಯಾಯಾಮ ಬಹುಕಾಲ ಬಾಳುವುದಿಲ್ಲ. ಸಂಗೀತದ ಲಯಕ್ಕೆ ಹೆಜ್ಜೆಯನ್ನು ಹೊಂದಿಸುವ ವ್ಯಾಯಾಮಗಳು ಜನಪ್ರಿಯವಾದುದಕ್ಕೆ ಇದೇ ಮುಖ್ಯ ಕಾರಣ. ನೆಲದಿಂದ ಕೆಲವೇ ಅಂಗುಲ ಎತ್ತರವಿರುವ ಹಲಗೆಯೊಂದನ್ನು ಹತ್ತಿ ಇಳಿಯುವ ‘ಸ್ಟೆಪ್ ಏರೋಬಿಕ್ಸ್’ ಅವುಗಳಲ್ಲೊಂದು.

ಮಕ್ಕಳು ಶಾಲೆಗೆ, ಯಜಮಾನರು ಕೆಲಸಕ್ಕೆ ತೆರಳಿದ ಮೇಲೆ ಟಿವಿಯ ಅಥವಾ ಮೊಬೈಲಿನ ಪರದೆಯೆದುರು ನಿಂತು ಇದನ್ನು ಕಲಿಯಲೆಳಸುವ ಗೃಹಿಣಿಯರಿದ್ದಾರೆ. ಮೊದಲ ಹತ್ತು ನಿಮಿಷ ಎಲ್ಲವೂ ಸುಗಮವಾಗಿಯೇ ಸಾಗುತ್ತದೆ. ಅನಂತರ ಪರದೆಯ ಮೇಲಿನ ಶಿಕ್ಷಕಿ ತಟಕ್ಕನೆ ತಿರುಗುತ್ತಾಳೆ, ಹಲಗೆಯನ್ನು ದಾಟಿ ಆಚೆಗಿಳಿಯುತ್ತಾಳೆ, ಮರುಕ್ಷಣವೇ ಈಚೆಗೆ ಬಂದು ನಗುತ್ತಾಳೆ. ಇತ್ತ ನಮ್ಮ ಸಹೋದರಿಗೆ ಕಾಲಿಗೆ ಕಾಲು ತೊಡರುತ್ತದೆ. ಎರಡು ದಿನ ಹೀಗಾದರೆ ಸಾಕು, “ಈ ವಯಸ್ಸಿಗೆ ಇದೆಲ್ಲ ನಮ್ಮ ತಲೆಗೆ ಹತ್ತುವಂಥದ್ದಲ್ಲ” ಎಂದು ಹಲಗೆ ಮಂಚದ ಕೆಳಗೆ ಸೇರುತ್ತದೆ. ಅದರೊಡನೆ ದಿನದ ಏಕೈಕ ವ್ಯಾಯಾಮವೂ, ಕಲಿಯಬಲ್ಲೆನೆಂಬ ಭರವಸೆಯೂ ಮೂಲೆಗೆ ಸೇರುತ್ತವೆ. ಇದು ಸಣ್ಣ ನಷ್ಟವಲ್ಲ. ಆದುದರಿಂದ ಕ್ಲಿಷ್ಟವೆಂದು ಕಾಣುವ ಈ ಹೆಜ್ಜೆಗಳ ಒಳಗುಟ್ಟೇನು, ಮನೆಯಲ್ಲಿಯೇ ಅವನ್ನು ವಶಮಾಡಿಕೊಳ್ಳುವ ಬಗೆ ಯಾವುದು ಎಂಬುದನ್ನು ಈ ಸಲ ವಿಚಾರಿಸೋಣ.

ಈ ವ್ಯಾಯಾಮದ ಹುಟ್ಟಿನ ಕಥೆಯೇ ಬೋಧಪ್ರದವಾಗಿದೆ. 1980ರ ದಶಕದ ಕೊನೆಯಲ್ಲಿ ಅಮೆರಿಕದ ಜಾರ್ಜಿಯಾ ರಾಜ್ಯದ ಜಿನ್ ಮಿಲ್ಲರ್ ಎಂಬ ವ್ಯಾಯಾಮ ಶಿಕ್ಷಕಿಯ ಮಂಡಿಗೆ ಪೆಟ್ಟಾಯಿತು. ಮಂಡಿಯ ಸುತ್ತಲಿನ ಸ್ನಾಯುಗಳು ಬಲಗೊಳ್ಳಲೆಂದು, ಹಾಲಿನ ಕ್ರೇಟಿನಂಥದೊಂದನ್ನು ಹತ್ತಿ ಇಳಿಯುವಂತೆ ಮೂಳೆತಜ್ಞರು ಆಕೆಗೆ ಸಲಹೆಯಿತ್ತರು. ಆಕೆ ತನ್ನ ಮನೆಯ ಮುಂದಿನ ಮೆಟ್ಟಿಲನ್ನೇ ಬಳಸಿ, ಸಂಗೀತಕ್ಕೆ ತಕ್ಕಂತೆ ಹತ್ತಿಳಿಯುತ್ತ, ನೀರಸವಾದ ಚಿಕಿತ್ಸೆಯನ್ನು ಒಂದು ವ್ಯಾಯಾಮ ಪದ್ಧತಿಯನ್ನಾಗಿ ಬೆಳೆಸಿದರು. ರೀಬಾಕ್ ಸಂಸ್ಥೆಯು ಮುಂದೆ ಬಂದು ‘ಸ್ಟೆಪ್ ರೀಬಾಕ್’ ಎಂಬ ಹೆಸರಿನಿಂದ ಅದನ್ನು ಜಗತ್ತಿಗೆಲ್ಲ ಪರಿಚಯಿಸಿತು. ನೊಂದ ಮಂಡಿಯ ಉಪಚಾರಕ್ಕಾಗಿ, ಅದೂ ಮನೆಯ ಮೆಟ್ಟಿಲಿನ ಮೇಲೆ ಹುಟ್ಟಿದ ವಿದ್ಯೆ ಇದು. ಅವಸರದಿಂದ ಕಲಿತು ಮಂಡಿಯನ್ನೇ ನೋಯಿಸಿಕೊಂಡರೆ ವಿದ್ಯೆಯ ಉದ್ದೇಶವೇ ತಲೆಕೆಳಗಾದಂತೆ.

ಇನ್ನು ಹೆಜ್ಜೆಗಳ ರಚನೆಯನ್ನು ನೋಡೋಣ. ಎಷ್ಟೇ ಜಟಿಲವಾಗಿ ಕಂಡರೂ ಇದರ ಮೂಲ ಘಟಕ ಬಹುಮಟ್ಟಿಗೆ ನಾಲ್ಕು ಎಣಿಕೆಯದು. ಬಲಗಾಲು ಮೇಲೆ, ಎಡಗಾಲು ಮೇಲೆ, ಬಲಗಾಲು ಕೆಳಗೆ, ಎಡಗಾಲು ಕೆಳಗೆ. ಇದು ‘ಬೇಸಿಕ್ ಸ್ಟೆಪ್’. ಹಲಗೆಯ ಮೇಲೆ ಪಾದಗಳನ್ನು ಅಗಲವಾಗಿಟ್ಟು, ಇಳಿಯುವಾಗ ಜೋಡಿಸಿದರೆ ಅದು ‘ವಿ-ಸ್ಟೆಪ್’. ಒಂದು ಕಾಲನ್ನು ಹಲಗೆಯ ಮೇಲಿಟ್ಟು ಇನ್ನೊಂದರ ಮಂಡಿಯನ್ನು ಮೇಲೆತ್ತಿ ಇಳಿದರೆ ‘ನೀ-ಲಿಫ್ಟ್’. ಅದೇ ಮಂಡಿಯನ್ನು ಸಾಲಾಗಿ ಮೂರು ಸಲ ಎತ್ತಿದರೆ ‘ರಿಪೀಟರ್’. ಅದಕ್ಕೆ ಎಂಟು ಎಣಿಕೆ ಬೇಕು. ಎಂಟರ ನಾಲ್ಕು ಭಾಗಗಳು ಸೇರಿ 32 ಎಣಿಕೆಯ ಒಂದು ಕಟ್ಟು ಆಗುತ್ತದೆ. ಸಂಗೀತ ಬಲ್ಲವರಿಗೆ ಇದು ಹೊಸತಲ್ಲ. ಎಂಟು ಅಕ್ಷರದ ಆದಿತಾಳದ ನಾಲ್ಕು ಆವರ್ತಗಳೆಂದು ಎಣಿಸಿಕೊಂಡರಾಯಿತು. ನಿಮಿಷಕ್ಕೆ 120 ತಟ್ಟುಗಳ ಸಂಗೀತದಲ್ಲಿ ಇಂಥ ಒಂದು ಕಟ್ಟು ಮುಗಿಯಲು ಬೇಕಾಗುವುದು ಕೇವಲ 16 ಸೆಕೆಂಡು.

ಕಲಿಯುವವರಲ್ಲಿ ಅನೇಕರು ಹೆಜ್ಜೆಗಳ ಹೆಸರುಗಳನ್ನು ಕಂಠಪಾಠ ಮಾಡಲು ಯತ್ನಿಸುತ್ತಾರೆ. ತೊಡಕು ಪ್ರಾರಂಭವಾಗುವುದೇ ಅಲ್ಲಿ. ಪ್ರತಿಯೊಂದು ಹೆಜ್ಜೆಗೂ ಕೇಳಬೇಕಾದ ಪ್ರಶ್ನೆಗಳು ಎರಡೇ: ಇದಕ್ಕೆ ಎಷ್ಟು ಎಣಿಕೆ? ಇದು ಮುಗಿದಾಗ ಮುಂದಿನ ಹೆಜ್ಜೆಗೆ ಸಿದ್ಧವಾಗಿರುವ ಕಾಲು ಯಾವುದು? ಬೇಸಿಕ್ ಮತ್ತು ವಿ-ಸ್ಟೆಪ್‌ಗಳನ್ನು ಬಲಗಾಲಿನಿಂದ ಆರಂಭಿಸಿದರೆ, ಮುಗಿದ ಮೇಲೆಯೂ ಬಲಗಾಲೇ ಸಿದ್ಧವಿರುತ್ತದೆ. ಇವು ಆರಂಭದ ಕಾಲನ್ನು ಬದಲಿಸದ ಹೆಜ್ಜೆಗಳು. ನೀ-ಲಿಫ್ಟ್ ಮತ್ತು ರಿಪೀಟರ್ ಹಾಗಲ್ಲ. ಬಲಗಾಲಿನಿಂದ ಆರಂಭಿಸಿದರೆ ಎಡಗಾಲನ್ನು ಸಿದ್ಧಮಾಡಿ ಮುಗಿಯುತ್ತವೆ. ಇವು ಕಾಲನ್ನು ಬದಲಿಸುವ ಹೆಜ್ಜೆಗಳು. ಈ ಒಂದು ಭೇದವನ್ನು ಅರಿತವರಿಗೆ ಅರ್ಧ ವಿದ್ಯೆ ಕೈವಶವಾದಂತೆಯೇ.

ಒಂದು ಉದಾಹರಣೆಯಿಂದ ಇದು ಸ್ಪಷ್ಟವಾದೀತು. ಬಲಗಾಲಿನಿಂದ ಆರಂಭಿಸಿ ಎರಡು ವಿ-ಸ್ಟೆಪ್. ಎಂಟು ಎಣಿಕೆ, ಕಾಲು ಬದಲಾಗಲಿಲ್ಲ. ಅನಂತರ ಬಲಗಾಲಿನಿಂದಲೇ ಒಂದು ರಿಪೀಟರ್. ಎಂಟು ಎಣಿಕೆ, ಈಗ ಎಡಗಾಲು ಸಿದ್ಧವಾಯಿತು. ಆಮೇಲೆ ಎಡದಿಂದ ಒಂದು, ಬಲದಿಂದ ಒಂದು, ಹೀಗೆ ಎರಡು ನೀ-ಲಿಫ್ಟ್; ಎಂಟು ಎಣಿಕೆ, ಕಾಲು ಎರಡು ಸಲ ಬದಲಾಗಿ ಮತ್ತೆ ಎಡಕ್ಕೇ ಬಂತು. ಕೊನೆಗೆ ಎಡಗಾಲಿನಿಂದ ಎರಡು ಬೇಸಿಕ್. ಎಂಟು ಎಣಿಕೆ, ಬದಲಾವಣೆಯಿಲ್ಲ. ಅಲ್ಲಿಗೆ 32 ಪೂರ್ಣ. ಒಟ್ಟು ಬದಲಾವಣೆಗಳು ಮೂರು. ಮೂರು ಬೆಸಸಂಖ್ಯೆಯಾದ್ದರಿಂದ ಬಲದಿಂದ ಹೊರಟ ಕಟ್ಟು ಎಡಗಾಲನ್ನು ಸಿದ್ಧಗೊಳಿಸಿ ಮುಗಿಯಿತು. ಎರಡನೆಯ ಆವೃತ್ತಿ ತಾನಾಗಿಯೇ ಎಡದಿಂದ ಆರಂಭವಾಗುತ್ತದೆ, ಎರಡೂ ಕಾಲುಗಳಿಗೆ ಸಮನಾದ ಶ್ರಮ ದೊರೆಯುತ್ತದೆ. ಬದಲಾವಣೆಗಳು ಸರಿಸಂಖ್ಯೆಯಲ್ಲಿದ್ದರೆ ಹೊರಟ ಕಾಲಿಗೇ ಮರಳುತ್ತೇವೆ; ಆಗ ನಡುವೆ ಎಲ್ಲಿಯಾದರೂ ಒಂದು ಬದಲಾವಣೆಯನ್ನು ಸೇರಿಸಿಕೊಳ್ಳಬೇಕಾಗುತ್ತದೆ. “ಎರಡನೆಯ ಸಲಕ್ಕೆ ಎಲ್ಲವೂ ಗೋಜಲಾಗುತ್ತದೆ” ಎಂದು ದೂರುವವರು ಈ ಸರಿ-ಬೆಸದ ಲೆಕ್ಕವನ್ನು ಒಮ್ಮೆ ಕಾಗದದ ಮೇಲೆ ಬರೆದುಕೊಂಡು ನೋಡಲಿ.

ಹಾಗಾದರೆ ಆ ತಿರುಗುವಿಕೆ, ದಾಟುವಿಕೆಗಳು ಎಲ್ಲಿಂದ ಬಂದವು? ನುರಿತ ಶಿಕ್ಷಕರು ಅವನ್ನು ಪದರ ಪದರವಾಗಿ ಸೇರಿಸುತ್ತಾರೆ. ಮೊದಲು ಸರಳ ಹೆಜ್ಜೆಗಳಿಂದ ಕಟ್ಟನ್ನು ನಿಲ್ಲಿಸಿ, ಅನಂತರ ಒಂದೊಂದನ್ನೇ ತೆಗೆದು ಅದರ ಜಾಗದಲ್ಲಿ ಕಠಿಣವಾದುದನ್ನು ಕೂಡಿಸುತ್ತಾರೆ. ಬದಲಿ ಹೆಜ್ಜೆಗೆ ಇರಬೇಕಾದ ಅರ್ಹತೆಯೂ ಆ ಎರಡೇ: ಅಷ್ಟೇ ಎಣಿಕೆ, ಅದೇ ಕಾಲಿನಲ್ಲಿ ಮುಕ್ತಾಯ. ಮೇಲಿನ ಉದಾಹರಣೆಯಲ್ಲಿ ಎರಡು ನೀ-ಲಿಫ್ಟ್‌ಗಳನ್ನು ತೆಗೆದು, ಹಲಗೆಯನ್ನು ಅಡ್ಡವಾಗಿ ಹತ್ತಿ ಆಚೆಗಿಳಿಯುವ ‘ಓವರ್ ದಿ ಟಾಪ್’ ಹೆಜ್ಜೆಯನ್ನು ಎರಡು ಸಲ ಇಡಬಹುದು. ಅದೂ ನಾಲ್ಕೇ ಎಣಿಕೆಯದು, ಅದೂ ಕಾಲನ್ನು ಬದಲಿಸುವಂಥದು. ಆಚೆಗೊಮ್ಮೆ, ಈಚೆಗೊಮ್ಮೆ ಹೋಗಿಬಂದರೆ ಕಟ್ಟು ಕದಲದೆ ಹಾಗೆಯೇ ಉಳಿಯುತ್ತದೆ. ಕೊನೆಯ ಒಂದು ಬೇಸಿಕ್‌ನ ಬದಲು, ಒಂದೇ ಪಾದವನ್ನು ಹಲಗೆಯ ಮೇಲೆ ಊರಿ ಹಿಂದೆಗೆಯುವ ‘ಮ್ಯಾಂಬೊ’ ಇಟ್ಟರೂ ಲೆಕ್ಕ ತಪ್ಪುವುದಿಲ್ಲ. ಪರದೆಯ ಮೇಲೆ ಕಾಣುವ ಬೆರಗಿನ ನೃತ್ಯವು ಇಂಥ ಹಲವು ಬದಲಾವಣೆಗಳ ಮೊತ್ತವೇ ಹೊರತು ಬೇರೇನೂ ಅಲ್ಲ. ನಾವು ಪದರಗಳನ್ನು ಬಿಟ್ಟು ನೇರವಾಗಿ ಕೊನೆಯ ರೂಪಕ್ಕೆ ಕೈಹಾಕುತ್ತೇವೆ. ತೊಡರುವುದಕ್ಕೆ ಕಾರಣ ವಯಸ್ಸಲ್ಲ, ಈ ಅವಸರ.

ಮನಶ್ಶಾಸ್ತ್ರವೂ ಇದನ್ನೇ ಸಮರ್ಥಿಸುತ್ತದೆ. ಒಂದೇ ಸಲಕ್ಕೆ ಮನಸ್ಸು ಹಿಡಿದಿಡಬಲ್ಲ ಬಿಡಿ ಸಂಗತಿಗಳು ಬಹು ಮಿತವೆಂದೂ, ಅವನ್ನು ಗುಂಪುಗೂಡಿಸಿದರೆ ಭಾರ ಕಡಿಮೆಯಾಗುವುದೆಂದೂ ಜಾರ್ಜ್ ಮಿಲ್ಲರ್ ಎಂಬ ವಿದ್ವಾಂಸರು 1956ರಲ್ಲಿ ತೋರಿಸಿಕೊಟ್ಟರು. 32 ಬಿಡಿ ಎಣಿಕೆಗಳನ್ನು ಯಾರೂ ನೆನಪಿಡಲಾರರು; ಎಂಟರ ನಾಲ್ಕು ಗುಂಪುಗಳನ್ನು ಯಾರಾದರೂ ನೆನಪಿಡಬಲ್ಲರು. ಫಿಟ್ಸ್ ಮತ್ತು ಪೋಸ್ನರ್ ಎಂಬ ವಿದ್ವಾಂಸರು 1967ರಲ್ಲಿ ವಿವರಿಸಿದಂತೆ, ಕೈಕಾಲುಗಳ ಯಾವುದೇ ಕೌಶಲವು ಮೂರು ಹಂತಗಳನ್ನು ಹಾದುಬರುತ್ತದೆ. ಮೊದಲು ಪ್ರತಿ ಚಲನೆಯನ್ನೂ ಯೋಚಿಸಿ ಮಾಡುತ್ತೇವೆ. ಆಮೇಲೆ ಅವು ಒಂದಕ್ಕೊಂದು ಬೆಸೆದುಕೊಳ್ಳುತ್ತವೆ. ಕೊನೆಗೆ ಯೋಚನೆಯಿಲ್ಲದೆಯೇ ನಡೆಯುತ್ತವೆ. ಮೊದಲ ಹಂತದ ತಡವರಿಕೆಯು ದಡ್ಡತನದ ಗುರುತಲ್ಲ, ಕಲಿಕೆ ನಡೆದಿದೆಯೆಂಬುದರ ಗುರುತು.

ಈಗ ಆಚರಣೆಗೆ ಬರೋಣ. ಮೊದಲ ಎರಡು ದಿನ ಹಲಗೆಯೇ ಬೇಡ. ಅಂಗಳದಲ್ಲೋ ಹಜಾರದಲ್ಲೋ ಸಮನೆಲದ ಮೇಲೆ, ಸಂಗೀತವಿಲ್ಲದೆ, ಬಾಯಲ್ಲಿ ಎಣಿಸುತ್ತ ಮೊದಲ ಹದಿನಾರನ್ನು ಮಾತ್ರ ನಡೆದು ನೋಡಿ; ಕೈಗಳು ಸೊಂಟದ ಮೇಲಿರಲಿ. ಮೂರನೆಯ ದಿನ ಉಳಿದ ಹದಿನಾರನ್ನು ಪ್ರತ್ಯೇಕವಾಗಿ ಕಲಿಯಿರಿ. ನಾಲ್ಕನೆಯ ದಿನ ಎರಡನ್ನೂ ಜೋಡಿಸಿ, ಎರಡೂ ಕಾಲುಗಳಿಂದ ಆರಂಭಿಸಿ ನಡೆಯಿರಿ. ಐದನೆಯ ದಿನ ಹಲಗೆಯನ್ನೂ ನಿಧಾನ ಸಂಗೀತವನ್ನೂ ತನ್ನಿ. ಪರದೆಯ ವೇಗವನ್ನು ತಗ್ಗಿಸುವ ಅನುಕೂಲ ಇಂದು ಮೊಬೈಲಿನಲ್ಲಿಯೇ ಇದೆ. ಒಂದು ವಾರ ಕಳೆದ ಮೇಲೆ ಒಂದು ಪದರವನ್ನು, ಒಂದನ್ನೇ, ಸೇರಿಸಿರಿ. ಕೈಗಳ ಚಲನೆ ಎಲ್ಲಕ್ಕೂ ಕೊನೆಯದು.

ಎಡಬಲಗಳ ಗೊಂದಲಕ್ಕೂ ಪರಿಹಾರವಿದೆ. ಶಿಕ್ಷಕಿ ನಮ್ಮತ್ತ ಮುಖಮಾಡಿ ನಿಂತಾಗ ಸಾಮಾನ್ಯವಾಗಿ ಕನ್ನಡಿಯ ಪ್ರತಿಬಿಂಬದಂತೆ ಕಲಿಸುತ್ತಾಳೆ. ಬಾಯಲ್ಲಿ ‘ಬಲ’ ಎನ್ನುತ್ತ ತನ್ನ ಎಡಗಾಲನ್ನಿಡುತ್ತಾಳೆ. ಬೆನ್ನು ತೋರಿಸಿ ನಿಂತಾಗ ಆಕೆಯ ಬಲವೇ ನಮ್ಮ ಬಲ. ಆದ್ದರಿಂದ ಮೊದಲ ಸಲ ಕುಳಿತೇ ನೋಡಿ, ಯಾವ ಕ್ರಮವೆಂಬುದನ್ನು ನಿಶ್ಚಯಿಸಿಕೊಂಡು ಅನಂತರ ಏಳಬೇಕು. ನಡುವೆ ಹೆಜ್ಜೆ ತಪ್ಪಿದರೆ ಹಿಂದಟ್ಟಿ ಹೋಗಬಾರದು. ನಿಂತಲ್ಲಿಯೇ ನೆಲದ ಮೇಲೆ ಕಾಲು ಕುಣಿಸುತ್ತಿದ್ದು, ಮುಂದಿನ ‘ಒಂದು’ ಬಂದಾಗ ಸೇರಿಕೊಳ್ಳಬೇಕು. ವಯಸ್ಕರಿಗೆ ವಾರಕ್ಕೆ 150ರಿಂದ 300 ನಿಮಿಷಗಳ ಸಾಧಾರಣ ಶ್ರಮ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆಯು 2020ರಲ್ಲಿ ಹೇಳಿದೆ. ಆ ನಿಮಿಷಗಳು ಲೆಕ್ಕಕ್ಕೆ ಹಿಡಿಯುವುದು ದೇಹದ ಚಲನೆಯನ್ನು. ಹೆಜ್ಜೆ ತಪ್ಪಿದ ನಿಮಿಷವೂ ಅದರಲ್ಲಿ ಸೇರುತ್ತದೆ.

ಎಚ್ಚರಿಕೆಯ ಕೆಲವು ಮಾತುಗಳನ್ನು ಹೇಳದಿದ್ದರೆ ಲೇಖನ ಅಪೂರ್ಣವಾದೀತು. ಹೊಸಬರಿಗೆ ನಾಲ್ಕು ಅಂಗುಲದ ಎತ್ತರ ಸಾಕು; ಎಂಟು ಅಂಗುಲ ಚೆನ್ನಾಗಿ ಪಳಗಿದವರಿಗೆ ಮಾತ್ರ. ಊಟದ ಮಣೆ, ಸ್ಟೂಲು, ಬೋರಲು ಹಾಕಿದ ಪೆಟ್ಟಿಗೆಗಳು ಹಲಗೆಗೆ ಬದಲಿಯಾಗಲಾರವು; ನುಣುಪಾದ ಗ್ರಾನೈಟ್ ನೆಲದ ಮೇಲೆ ಅವು ಜಾರಿಯೇ ಜಾರುತ್ತವೆ. ಸೀರೆಯ ನೆರಿಗೆ ಕಾಲಿಗೆ ತೊಡರುವುದರಿಂದ ಸಲ್ವಾರ್ ಅಥವಾ ಪ್ಯಾಂಟು, ಜೊತೆಗೆ ಬಿಗಿಯಾದ ಶೂ ಅವಶ್ಯ. ಹತ್ತುವಾಗ ಹಿಮ್ಮಡಿಸಹಿತ ಇಡೀ ಪಾದ ಹಲಗೆಯ ಮೇಲಿರಬೇಕು. ಇಳಿಯುವಾಗ ಹಲಗೆಗೆ ಸಮೀಪವಾಗಿ, ಪಾದದ ಮುಂಭಾಗವನ್ನು ಮೊದಲು ಊರಿ ಹಿಮ್ಮಡಿಯನ್ನು ಆಮೇಲೆ ತಗ್ಗಿಸಬೇಕು. ಒಂದೇ ಕಾಲಿನಿಂದ ಆರಂಭವಾಗುವ ಹೆಜ್ಜೆಗಳನ್ನು ಒಂದು ನಿಮಿಷಕ್ಕಿಂತ ಹೆಚ್ಚು ಮುಂದುವರಿಸಬಾರದು. ಒಂದೇ ಮಂಡಿಯನ್ನು ಸಾಲಾಗಿ ಐದಕ್ಕಿಂತ ಹೆಚ್ಚು ಸಲ ಎತ್ತಬಾರದು. ಎಲ್ಲಕ್ಕಿಂತ ಮುಖ್ಯವಾಗಿ, ದೇಹದ ಭಾರವೆಲ್ಲ ಬಾಗಿದ ಮಂಡಿಯ ಮೇಲಿರುವಾಗ ಪಾದವನ್ನು ಗಟ್ಟಿಯಾಗಿ ಊರಿಕೊಂಡೇ ಮೈಯನ್ನು ತಿರುಗಿಸಬಾರದು; ಪಾದವೂ ಮೈಯೊಡನೆ ತಿರುಗಬೇಕು. ದಣಿದಾಗ ತಿರುಗುವ ಹೆಜ್ಜೆಗಳನ್ನು ಕೈಬಿಟ್ಟು ಸರಳವಾದುವುಗಳಿಗೆ ಮರಳುವುದೇ ವಿವೇಕ. ಹೃದ್ರೋಗ, ರಕ್ತದೊತ್ತಡ, ಮಂಡಿನೋವು ಇರುವವರೂ ಗರ್ಭಿಣಿಯರೂ ವೈದ್ಯರನ್ನು ಕೇಳದೆ ಇದಕ್ಕೆ ತೊಡಗಕೂಡದು.

ಇಷ್ಟೆಲ್ಲ ಲೆಕ್ಕಾಚಾರವೇಕೆ, ಸುಮ್ಮನೆ ನಡೆದಾಡಿದರೆ ಸಾಲದೇ ಎಂದು ಕೇಳಬಹುದು. ಧಾರಾಳವಾಗಿ ಸಾಕು; ನಡಿಗೆಯನ್ನು ಹಳಿಯುವ ಕಾರಣವಿಲ್ಲ. ಆದರೆ ನೆನಪು, ಲಯ, ಸಮತೋಲನ ಮೂರನ್ನೂ ಒಟ್ಟಿಗೆ ಬೇಡುವ ವ್ಯಾಯಾಮದ ಸ್ವಾರಸ್ಯವೇ ಬೇರೆ. ನ್ಯೂಯಾರ್ಕಿನ ಬ್ರಾಂಕ್ಸ್ ಪ್ರದೇಶದಲ್ಲಿ 75 ವರ್ಷ ದಾಟಿದ 469 ಹಿರಿಯರನ್ನು ಕುರಿತ ಅಧ್ಯಯನವೊಂದು 2003ರಲ್ಲಿ ಪ್ರಕಟವಾಯಿತು. ಅಲ್ಲಿ ಪರಿಶೀಲಿಸಿದ ದೈಹಿಕ ಚಟುವಟಿಕೆಗಳ ಪೈಕಿ ನರ್ತಿಸುವ ಅಭ್ಯಾಸವಿದ್ದವರಲ್ಲಿ ಮಾತ್ರ ಮರೆವಿನ ರೋಗದ ಸಂಭವ ಕಡಿಮೆಯಾಗಿ ಕಂಡುಬಂದಿತ್ತು. ನೃತ್ಯವೇ ಅದಕ್ಕೆ ಕಾರಣವೆಂದು ಇದರಿಂದ ಸಿದ್ಧವಾಗುವುದಿಲ್ಲ. ಅವರು ಹಲಗೆಯ ಮೇಲೆ ಕುಣಿದವರೂ ಅಲ್ಲ. ಆದರೂ ಕಾಲಿನೊಡನೆ ತಲೆಗೂ ಕೆಲಸ ಕೊಡುವುದು ಹಿತಕರವೆಂಬ ಎಣಿಕೆಗೆ ಇದು ಒಂದು ಆಧಾರ.

ಮಕ್ಕಳಿಗೆ ಅಕ್ಷರ ತಿದ್ದಿಸುವಾಗ ತಾಯಿ ಎಷ್ಟು ತಾಳ್ಮೆ ವಹಿಸುತ್ತಾಳೆ! ಸ್ಲೇಟಿನ ಮೇಲೆ ವಕ್ರವಾಗಿ ಮೂಡಿದ ‘ಅ’ ಕಾರವನ್ನು ಕಂಡು ಆಕೆ ಮಗುವನ್ನು ದಡ್ಡನೆನ್ನುವುದಿಲ್ಲ, ಮತ್ತೊಮ್ಮೆ ಕೈಹಿಡಿದು ಬರೆಸುತ್ತಾಳೆ. ಆ ತಾಳ್ಮೆಯಲ್ಲಿ ಒಂದು ಪಾಲನ್ನು ತನ್ನ ಕಾಲುಗಳಿಗೂ ಮೀಸಲಿಡಲಿ. ಮಂಚದ ಕೆಳಗೆ ಸೇರಿದ ಹಲಗೆಯನ್ನು ಹೊರತೆಗೆದು ಧೂಳು ಒರೆಸಿ, ನಾಳೆ ಹದಿನಾರು ಎಣಿಕೆಗಳಿಂದ ಪ್ರಾರಂಭಿಸಿದರೆ ಸಾಕು; ಮುಂದಿನ ಹದಿನಾರು ಮುಂದಿನ ವಾರಕ್ಕೆ ಬಂದರೂ ಬಾಧಕವಿಲ್ಲ.