ಒಳಗೆ ಬೆಳಕಿಲ್ಲವಂತೆ!

ನಮ್ಮ ಮಾವನವರು ಬಿಟ್ಟುಹೋದ ಆಲ್ಬಮ್ಮುಗಳು ಆರು. ಹೋದ ದೀಪಾವಳಿಗೆ ಕಪಾಟು ಗುಡಿಸುವಾಗ ಆರನ್ನೂ ಕೆಳಗಿಳಿಸಿ ನೋಡುತ್ತ ಕೂತೆ. ಅಂಗಳದಲ್ಲಿ ನಿಂತ ಗಂಡಸರು, ಅಡಿಕೆ ರಾಶಿಯ ಪಕ್ಕ ಕೂತ ಗಂಡಸರು, ಹೊಸ ಎತ್ತುಗಳ ಮೂಗುದಾರ ಹಿಡಿದ ಗಂಡಸರು. ಹೆಂಗಸರು? ಮದುವೆ ಚಪ್ಪರದಲ್ಲಿ ಸಾಲಾಗಿ ನಿಂತು ಬಿಸಿಲಿಗೆ ಕಣ್ಣು ಕಿರಿದು ಮಾಡಿಕೊಂಡ ನಾಲ್ಕೈದು ಪಟಗಳಲ್ಲಿ. ಬದುಕಿಡೀ ಒಲೆಯ ಮುಂದೆ ಕೂತ ನಮ್ಮ ಅತ್ತೆಯವರದು ಒಲೆಯ ಮುಂದಿನ ಒಂದೇ ಒಂದು ಪಟ ಇಲ್ಲ. ಕೇಳಿದರೆ ಅತ್ತೆಯೇ ಮಾವನವರ ಪರ ವಹಿಸಿದರು: “ಅವರಾದರೂ ಏನು ಮಾಡಿಯಾರು? ಒಳಗೆ ಬೆಳಕು ಎಲ್ಲಿತ್ತು ಮಾರಾಯ್ತಿ?”

ಒಳಗೆ ಬೆಳಕಿಲ್ಲ. ಈ ಮಾತನ್ನು ನಾನು ಒಪ್ಪುವುದಿಲ್ಲ. ಜರ್ಮನಿಯಲ್ಲಿ ಲುಡ್ವಿಗ್ ಬರ್ಟೆಲೆ ಎಂಬಾತ ಝೈಸ್ ಕಂಪನಿಗಾಗಿ ಎಫ್/1.5ರ ಸೋನಾರ್ ಲೆನ್ಸ್ ರೂಪಿಸಿದ್ದು 1932ರ ಹೊತ್ತಿಗೇ. ಮಂದ ಬೆಳಕಿನಲ್ಲಿ ನೋಡಬಲ್ಲ ಗಾಜು ಅತ್ತೆ ಈ ಮನೆಗೆ ಬರುವ ಮೊದಲೇ ಜಗತ್ತಿನಲ್ಲಿತ್ತು. ಇಲ್ಲದಿದ್ದದ್ದು ಬೆಳಕಲ್ಲ, ಒಳಗೆ ನೋಡಬೇಕೆಂಬ ಮನಸ್ಸು.

ಮಾವನವರ ಕ್ಯಾಮೆರಾ 1961ರಲ್ಲಿ ಬಂದ ಕ್ಯಾನನ್ 7. ಹಡಗಿನ ಕೆಲಸದಲ್ಲಿದ್ದ ಅವರ ತಮ್ಮ ತಂದುಕೊಟ್ಟದ್ದು. ಇದನ್ನು ರೇಂಜ್‌ಫೈಂಡರ್ ಎನ್ನುತ್ತಾರೆ. ಪುಟ್ಟ ಕಿಟಕಿಯೊಳಗೆ ಎರಡಾಗಿ ಕಾಣುವ ಮುಖ ಒಂದಾಗುವವರೆಗೆ ಲೆನ್ಸ್ ತಿರುಗಿಸಬೇಕು. ಒಳಗೆ ಎಗರುವ ಕನ್ನಡಿ ಇಲ್ಲವಾದ್ದರಿಂದ ಸದ್ದು ಕಡಿಮೆ, ಅದುರುವುದೂ ಕಡಿಮೆ. ಹೊಗೆ ಹಿಡಿದ ಅಡುಗೆಮನೆಗೆ ಇದಕ್ಕಿಂತ ಒಳ್ಳೆಯ ಕ್ಯಾಮೆರಾ ಬೇಕೆ? ಆದರೆ ಅದರ ಮೇಲಿದ್ದ ಲೆನ್ಸ್ ಎಫ್/2.8ರದು. ಎಫ್ ಪಕ್ಕದ ಸಂಖ್ಯೆ ಚಿಕ್ಕದಾದಷ್ಟೂ ಬೆಳಕಿನ ಬಾಗಿಲು ದೊಡ್ಡದು. ನಮ್ಮ ಒಲೆಯ ಮುಂದೆ, 400 ವೇಗದ ಫಿಲ್ಮ್ ಹಾಕಿದರೂ, 2.8ಕ್ಕೆ ಸೆಕೆಂಡಿನ 15ನೇ ಒಂದು ಭಾಗ ಬೇಕು. ಅಷ್ಟರಲ್ಲಿ ದೋಸೆ ಎರೆಯುವ ಕೈ ಹೊಗೆಯಂತೆ ಕಲಸಿಹೋಗುತ್ತದೆ.

ಬೇರೆ ಲೆನ್ಸ್ ಬೇಕೆಂದು ಹೊರಟೆ ನೋಡಿ, ಎರಡೂ ಕಡೆಯಿಂದ ಬುದ್ಧಿವಾದ! ಅಂಗಡಿಯವರು, “ನಿಮಗೆ ಇದೆಲ್ಲ ಯಾಕೆ ಮೇಡಂ, ಇರುವುದಕ್ಕೇ ಒಂದು ಫ್ಲ್ಯಾಶ್ ಹಾಕಿ, ಇಲ್ಲವೇ ಫೋನಿನಲ್ಲಿ ತೆಗೆಯಿರಿ” ಎಂದರು. ಫ್ಲ್ಯಾಶ್ ಹಾಕಿ ನೋಡಿದ್ದೇನೆ. ಅತ್ತೆ ಕಣ್ಣು ಮುಚ್ಚಿದರು, ಹೊಗೆ ಸುಣ್ಣವಾಯಿತು, ಬೆಂಕಿಯ ಕೆಂಪು ಮಾಯ. ಫೋನು ನಮ್ಮ ಅಡುಗೆಮನೆಯನ್ನು ಹಗಲು ಮಾಡಿ ಅತ್ತೆಯ ಸುಕ್ಕನ್ನೆಲ್ಲ ಇಸ್ತ್ರಿ ಮಾಡಿಕೊಟ್ಟಿತು. ಅದು ಅತ್ತೆಯೇ ಅಲ್ಲ.

ಇತ್ತ ಅಕ್ಕನ ಮಗ, “ಚಿಕ್ಕಮ್ಮ, ತಗೊಂಡ್ರೆ 0.95 ತಗೋಬೇಕು, ಉಳಿದದ್ದೆಲ್ಲ ದಂಡ” ಎಂದ. ಕ್ಯಾನನ್ 7ಕ್ಕೆಂದೇ ಮಾಡಿದ ಹೆಸರುವಾಸಿ ಲೆನ್ಸ್ ಅದು. ತೂಕ ಸುಮಾರು 600 ಗ್ರಾಂ. ನೋಡುವ ಕಿಟಕಿಯ ಒಂದು ಮೂಲೆಯನ್ನೇ ಮುಚ್ಚುತ್ತದೆ. ಬೆಲೆ 1.4ರದಕ್ಕಿಂತ ಹಲವು ಪಟ್ಟು. ಪೂರ್ತಿ ತೆರೆದರೆ ಒಂದು ಮೀಟರ್ ದೂರದಲ್ಲಿ ಸ್ಪಷ್ಟವಾಗಿ ಮೂಡುವುದು ಎರಡು ಸೆಂಟಿಮೀಟರಿಗಿಂತ ಸ್ವಲ್ಪ ಹೆಚ್ಚು ಆಳ, ಅಷ್ಟೇ. ಕಣ್ಣು ಸಿಕ್ಕರೆ ಮೂಗು ಇಲ್ಲ. ಅತ್ತೆ ಸೌಟಿಗೆ ಕೈ ಚಾಚಿದರೆ ಎರಡೂ ಇಲ್ಲ. ಅಷ್ಟು ದುಡ್ಡು ಸುರಿದು ಕಾಫಿ ಲೋಟದ ಹಿಂದಿನ ಮಸುಕನ್ನು ಮೆಚ್ಚುವವರು ಮೆಚ್ಚಲಿ. ನನಗೆ ಬೇಕಾದದ್ದು ಮಸುಕಲ್ಲ, ಮನುಷ್ಯರು.

ನಾನು ಆರಿಸಿಕೊಂಡದ್ದು 50 ಮಿಲಿಮೀಟರಿನ ಎಫ್/1.4. ಅದೂ ಕ್ಯಾನನ್ನಿನದೇ, 1959ರ ಮಾದರಿ. 2.8ಕ್ಕಿಂತ ನಾಲ್ಕು ಪಟ್ಟು ಬೆಳಕು. 15ನೇ ಒಂದು ಭಾಗ ಹೋಗಿ 60ನೇ ಒಂದು ಭಾಗವಾಯಿತು, ಕೈ ಕೈಯಾಗಿ ಮೂಡಿತು. ಒಂದು ಮೀಟರಿನಲ್ಲಿ ಮೂರು ಸೆಂಟಿಮೀಟರಿಗೆ ಮಿಕ್ಕಿ ಆಳ ಸಿಗುತ್ತದೆ. ತುಸು ಎಚ್ಚರವಿದ್ದರೆ ಸಾಕು. ಕೈ ಅಷ್ಟು ಬಿಗಿಯಿಲ್ಲವೆನ್ನುವವರಿಗೆ, ಹಣ ಹೊಂದದವರಿಗೆ, 1.8 ಕೂಡ ಕೀಳಲ್ಲ.

ಕೊಳ್ಳುವ ಮುನ್ನ ಒಂದು ಮಾತು. ಹಳೆಯ ಲೆನ್ಸಿನ ಒಂದು ತುದಿಯಿಂದ ಸಣ್ಣ ಟಾರ್ಚ್ ಬಿಟ್ಟು ಇನ್ನೊಂದು ತುದಿಯಿಂದ ಓರೆಯಾಗಿ ನೋಡಿ. ಮಲೆನಾಡಿನ ಮಳೆಗೆ ಉಪ್ಪಿನಕಾಯಿಗೆ ಹಿಡಿಯುವಂತೆ ಗಾಜಿಗೂ ಬೂಷ್ಟು ಹಿಡಿಯುತ್ತದೆ. ಒಳಗೆ ಮಂಜು ಕವಿದಿದ್ದರೆ 1.4 ಎಂದು ಬರೆದಿದ್ದರೂ ಪ್ರಯೋಜನವಿಲ್ಲ. ಪೂರ್ತಿ ತೆರೆದು, ಹತ್ತಿರದಿಂದ, ಒಂದು ರೋಲು ತೆಗೆದು ನೋಡುವವರೆಗೆ ವ್ಯಾಪಾರ ಮುಗಿಸಬೇಡಿ. ಮತ್ತೆ, ದಯವಿಟ್ಟು ಸೆರಗಿನಲ್ಲಿ ಒರೆಸಬೇಡಿ!

ಲೆನ್ಸ್ ಎಷ್ಟು ವೇಗದ್ದಿರಬೇಕೆಂದು ಕ್ಯಾಟಲಾಗು ಹೇಳಬಾರದು, ನೀವು ದಿನ ಕಳೆಯುವ ಕೋಣೆ ಹೇಳಬೇಕು. ನಿಮ್ಮ ಮನೆಯ ಆಲ್ಬಮ್ಮನ್ನೂ ಒಮ್ಮೆ ಇಳಿಸಿ ಎಣಿಸಿ ನೋಡಿ. ಕೆಲಸದಲ್ಲಿರುವ ಹೆಂಗಸರು ಎಷ್ಟು ಮಂದಿ ಸಿಗುತ್ತಾರೆ?

ಪಟ ತೊಳೆಸಿ ತಂದ ದಿನ ಅತ್ತೆ ಅದನ್ನು ಕಿಟಕಿಯ ಬಳಿ ಹಿಡಿದು ಬಹಳ ಹೊತ್ತು ನೋಡಿದರು. ತಮ್ಮ ಮುಖವನ್ನಲ್ಲ, ಕೈಯನ್ನು. ಆಮೇಲೆ ಹೇಳಿದರು: “ಕಾವಲಿ ಚೆನ್ನಾಗಿ ಕಾದಿತ್ತು ಆವತ್ತು, ಕಾಣ್ತದೆ ನೋಡು.”